ಎಸಿ ಕೋಣೆಯ ರೀಫ್ ಅಕ್ವೇರಿಯಂ: ಬೆಳಗಿನ ಜಾವ ಪಿಎಚ್ 7.75ಕ್ಕೆ ಇಳಿಯುತ್ತಿದೆ, ಏನು ಮಾಡಬೇಕು?

ಬಿಸಿಲೂರು (ಕಲಬುರಗಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಲಗುವ ಕೋಣೆಯಲ್ಲಿಯೇ ಸುಮಾರು 200 ಲೀಟರಿನ ಸಮುದ್ರದ ನೀರಿನ ಅಕ್ವೇರಿಯಂ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಎಸಿ ಇರುವ ಕೋಣೆ ಅದೊಂದೇ. ಹೊರಗೆ 42 ಡಿಗ್ರಿ ಇರುವಾಗ ನೀರನ್ನು 27ರ ಆಸುಪಾಸಿನಲ್ಲಿ ಹಿಡಿದಿಡಲು ಬೇರೆ ದಾರಿಯಿಲ್ಲದ ಕಾರಣ ಜಾಗ ಬದಲಿಸುವ ಮಾತಿಲ್ಲ. ಒಂದು ಜೋಡಿ ಕ್ಲೌನ್ ಮೀನು, ಝೋವಾಂಥಿಡ್ ಮತ್ತು ಲೆದರ್ ಜಾತಿಯ ಮೃದು ಹವಳಗಳು, ಬಂಡೆಗಳ ಮೇಲೆ ಗುಲಾಬಿ ಬಣ್ಣದ ಕೊರಲೈನ್ ಪಾಚಿ, ಇಷ್ಟು ಅದರಲ್ಲಿವೆ.

ಚಳಿಗಾಲದಲ್ಲಿ ಕಿಟಕಿ ತೆರೆದಿರುತ್ತಿದ್ದಾಗ ಪಿಎಚ್ 8.1ರಿಂದ 8.3ರ ನಡುವೆ ಇರುತ್ತಿತ್ತು. ಏಪ್ರಿಲ್ ಬಂದು, ಕಿಟಕಿ ಬಾಗಿಲು ಮುಚ್ಚಿ ಎಸಿ ಹಾಕಿಕೊಂಡು ನಾಲ್ವರು ಅದೇ ಕೋಣೆಯಲ್ಲಿ ಮಲಗಲು ಶುರು ಮಾಡಿದ ಮೇಲೆ ಬೆಳಗಿನ ಆರು ಗಂಟೆಗೆ 7.75, ಸಂಜೆ ದೀಪ ಆರುವ ಮುನ್ನ 8.05 ತೋರಿಸುತ್ತಿದೆ. ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 8.5 ಡಿಕೆಎಚ್ (ಅದನ್ನು ಅಳೆಯುವ ಮಾನ) ಇದ್ದು, ಅದರಲ್ಲಿ ಏರಿಳಿತವಿಲ್ಲ. ಪಿಎಚ್ ಏರಿಸುವ ಬಫರ್ ಪುಡಿಯನ್ನು ದಿನವೂ ಒಂದೊಂದು ಚಮಚ ಹಾಕಬೇಕೆಂಬ ಸಲಹೆ ಬಂದಿದೆ. ಹಾಕುವ ಮುನ್ನ ಇಲ್ಲಿ ಕೇಳೋಣವೆನಿಸಿತು. ತೊಂದರೆ ನೀರಿನದೋ, ಕೋಣೆಯ ಗಾಳಿಯದೋ?

ಕಾಗಿಣಾ ತೀರ

ಗಾಳಿಯದೇ ಎಂದು ನಾನು ಮುಕ್ಕಾಲು ಪಾಲು ಖಚಿತವಾಗಿ ಹೇಳಬಲ್ಲೆ. ಉಳಿದ ಕಾಲು ಪಾಲಿಗೆ ಒಂದು ಸುಲಭದ ಪರೀಕ್ಷೆಯಿದೆ, ಕೊನೆಗೆ ಹೇಳುತ್ತೇನೆ.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ತಣ್ಣಗೆ ಮಾಡಿ ಬಿಡುತ್ತದೆ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. 12 ಅಡಿ, 14 ಅಡಿ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 47,600 ಲೀಟರ್ ಗಾಳಿಯಿರುತ್ತದೆ ಎಂದುಕೊಂಡರೆ, ನಾಲ್ವರು ಬಿಟ್ಟ 48 ಲೀಟರ್ ಎಂದರೆ ಗಂಟೆಗೆ ಸುಮಾರು 1,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಏರಿಕೆ. ಬಾಗಿಲ ಸಂದಿಗಳಿಂದ ಸ್ವಲ್ಪ ಸೋರುವುದರಿಂದ ಅದು ಏರುತ್ತಲೇ ಹೋಗದೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಅಷ್ಟೇ. ಹೊರಗಿನ ಗಾಳಿಯಲ್ಲಿ ಇರುವುದು 420 ಪಿಪಿಎಂಗಿಂತ ತುಸು ಹೆಚ್ಚು.

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಆಮ್ಲವಾಗುತ್ತದೆ. ಹಾಗಾಗಿ ಕ್ಷಾರೀಯತೆ ಬದಲಾಗದೆ ಗಾಳಿಯಲ್ಲಿ ಅದು ಎರಡು ಪಟ್ಟಾದರೆ ಸಮುದ್ರದ ನೀರಿನ ಪಿಎಚ್ ಸುಮಾರು 0.3 ಇಳಿಯುತ್ತದೆ, ನಾಲ್ಕು ಪಟ್ಟಾದರೆ ಹತ್ತಿರ ಹತ್ತಿರ 0.6. ನಿಮ್ಮ ಚಳಿಗಾಲದ ಕನಿಷ್ಠ 8.1 ಮತ್ತು ಈಗಿನ ಕನಿಷ್ಠ 7.75ರ ನಡುವಿನ ಅಂತರ ಇದಕ್ಕೆ ತಾಳೆಯಾಗುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಬಫರ್ ಏಕೆ ಬೇಡವೆಂಬುದು ತಿಳಿಯುತ್ತದೆ. ಗಾಳಿಯನ್ನು ಹಾಗೆಯೇ ಬಿಟ್ಟು ಪುಡಿಯಿಂದಲೇ 0.3 ಏರಿಸಬೇಕೆಂದರೆ ಕ್ಷಾರೀಯತೆಯನ್ನು ಹೆಚ್ಚುಕಡಿಮೆ ಎರಡು ಪಟ್ಟು, ಅಂದರೆ 17 ಡಿಕೆಎಚ್‌ವರೆಗೆ ಒಯ್ಯಬೇಕಾಗುತ್ತದೆ. ಅಷ್ಟರೊಳಗೆ ಸುಣ್ಣ ಹರಳುಗಟ್ಟಿ ಪಂಪಿನ ಮೇಲೆಲ್ಲ ಕೂರುತ್ತದೆ. ಆ ಪುಡಿ ವಾಷಿಂಗ್ ಸೋಡಾ ಆಗಿದ್ದರೆ ಹಾಕಿದ ದಿನ ಪಿಎಚ್ ಜಿಗಿದಂತೆ ಕಾಣುವುದು ನಿಜ. ಆದರೆ ನೀರು ಮತ್ತೆ ಕೋಣೆಯ ಗಾಳಿಗೆ ಹೊಂದಿಕೊಳ್ಳುತ್ತಿದ್ದಂತೆ ಅದು ಇಳಿಯುತ್ತದೆ, ಏರಿದ ಕ್ಷಾರೀಯತೆ ಮಾತ್ರ ಉಳಿದುಕೊಳ್ಳುತ್ತದೆ. ಅಡುಗೆ ಸೋಡಾ ಆದರೆ ಹಾಕಿದ ಕ್ಷಣದಲ್ಲಿ ಆ ಜಿಗಿತವೂ ಇಲ್ಲ.

ಪರೀಕ್ಷೆ ಹೀಗೆ: ಅಕ್ವೇರಿಯಂನಿಂದ ಎರಡು ಲೋಟ ನೀರು ತೆಗೆಯಿರಿ. ಒಂದನ್ನು ಮಾಳಿಗೆಯ ಮೇಲೆ, ಇನ್ನೊಂದನ್ನು ಅದೇ ಕೋಣೆಯಲ್ಲಿ ಇಟ್ಟು, ಎರಡಕ್ಕೂ ಸಣ್ಣ ಏರ್ ಪಂಪಿನಿಂದ ಗಂಟೆ ಎರಡು ಗಂಟೆ ಗುಳ್ಳೆ ಬಿಡಿ. ನಂತರ ಎರಡರ ಪಿಎಚ್ ನೋಡಿ. ಮಾಳಿಗೆಯ ಲೋಟದಲ್ಲಿ ಮಾತ್ರ ಏರಿದ್ದರೆ ತೊಂದರೆ ಕೋಣೆಯ ಗಾಳಿಯದು. ಎರಡರಲ್ಲೂ ಒಂದೇ ಸಮನೆ ಏರಿದ್ದರೆ ಕೋಣೆಯ ಗಾಳಿ ಸರಿಯಿದೆ, ಅಕ್ವೇರಿಯಂನಲ್ಲಿ ಗಾಳಿ ಬೆರೆಯುವುದೇ ಸಾಲದು. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಇದನ್ನು ಮಾಡಬೇಡಿ. ನೀರು ಬಿಸಿಯಾದರೆ ಪಿಎಚ್ ಓದಿಕೆಯೂ ಸರಿಯುತ್ತದೆ.

ಕೋಟೆಯ ಊರಿನವ (ಬೀದರ್)

ಲೆಕ್ಕವನ್ನು ಒಪ್ಪುತ್ತೇನೆ, ಆತಂಕವನ್ನು ಅಷ್ಟಾಗಿ ಒಪ್ಪಲಾರೆ. ಮೃದು ಹವಳಗಳ ತೊಟ್ಟಿಗೆ 7.8 ಎಂಬುದು ಪ್ರಾಣಾಪಾಯವಲ್ಲ. ಪಿಎಚ್ ಇಳಿದರೆ ಸುಣ್ಣದ ಅಸ್ಥಿ ಕಟ್ಟಿಕೊಳ್ಳುವ ಗಟ್ಟಿ ಹವಳಗಳ ಬೆಳವಣಿಗೆ ನಿಧಾನವಾಗುತ್ತದೆ ಎಂಬುದು ಸರಿ. ಆದರೆ ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅವು ನಿಮ್ಮ ತೊಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ನಿಮ್ಮಲ್ಲಿ ಹೆಚ್ಚಾಗಿ ಸುಣ್ಣ ಬೇಡುವುದು ಕೊರಲೈನ್ ಪಾಚಿಯೇ. ನಾನಾಗಿದ್ದರೆ 8.3ರ ಬೆನ್ನು ಹತ್ತದೆ, ರಾತ್ರಿ ಹಗಲಿನ ಏರಿಳಿತವನ್ನು 0.2ರೊಳಗೆ ತರುವುದಕ್ಕೆ ನೋಡುತ್ತಿದ್ದೆ.

ಮೊದಲು ಮೀಟರನ್ನು 7 ಮತ್ತು 10ರ ದ್ರಾವಣಗಳಲ್ಲಿ ಸರಿಹೊಂದಿಸಿ. ಹಳೆಯ ಪ್ರೋಬ್ 0.2 ತಪ್ಪು ತೋರಿಸುವುದು ತೀರ ಸಾಮಾನ್ಯ. ಗಾಳಿ ಅಳೆಯುವ ಮೀಟರ್ ಕೊಳ್ಳುವುದಾದರೆ ಎನ್‌ಡಿಐಆರ್ (ಅವಗೆಂಪು ಬೆಳಕಿನಿಂದ ಈ ಅನಿಲವನ್ನು ಅಳೆಯುವ) ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ಆವಿಗಳನ್ನು ಮೂಸಿ ಅಂದಾಜಿನ ಅಂಕಿ ತೋರಿಸುತ್ತವೆ, ಪಕ್ಕದಲ್ಲಿ ಒಗ್ಗರಣೆ ಹಾಕಿದರೂ ಎರಡು ಸಾವಿರ ಎನ್ನುತ್ತವೆ.

ಸ್ಕಿಮ್ಮರಿನ (ನೀರಿಗೆ ಗಾಳಿಯ ಗುಳ್ಳೆ ಬಿಟ್ಟು ನೊರೆಯೊಂದಿಗೆ ಕೊಳೆ ತೆಗೆಯುವ ಸಾಧನ) ಗಾಳಿಯ ದಾರಿಗೆ ಸೋಡಾ ಲೈಮ್ (ಇಂಗಾಲದ ಡೈಆಕ್ಸೈಡ್ ಹೀರುವ ಹರಳು) ತುಂಬಿದ ಡಬ್ಬಿ ಜೋಡಿಸುವ ಯೋಚನೆಯಿದ್ದರೆ ಖರ್ಚನ್ನು ಮೊದಲೇ ನೋಡಿಕೊಳ್ಳಿ. ಸ್ಕಿಮ್ಮರ್ ಗಂಟೆಗೆ 600 ಲೀಟರ್ ಗಾಳಿ ಎಳೆಯುತ್ತದೆ, ಅದರಲ್ಲಿ 1,500 ಪಿಪಿಎಂ ಇದೆ ಎಂದರೆ ದಿನಕ್ಕೆ 21 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಆ ಹರಳುಗಳು ಹೀರಬೇಕು. ಒಂದು ಕಿಲೋ ಹರಳು ಲೆಕ್ಕದ ಪ್ರಕಾರ 250 ಲೀಟರಿನ ಆಸುಪಾಸು ಹೀರಬಲ್ಲದು, ವ್ಯವಹಾರದಲ್ಲಿ ಅದಕ್ಕಿಂತ ಕಡಿಮೆ. ಹತ್ತು ದಿನ ಬಂದರೆ ಪುಣ್ಯ. ಅದೇ ಕೋಣೆಯನ್ನು 600 ಪಿಪಿಎಂಗೆ ತಂದುಕೊಂಡರೆ ಅಷ್ಟೇ ಹರಳು ಎರಡು ಪಟ್ಟಿಗೂ ಹೆಚ್ಚು ಕಾಲ ಬಾಳುತ್ತದೆ. ಹರಳಿಗೆ ತೇವವೂ ಬೇಕು. ಒಣಗಿದರೆ ಹೀರುವುದನ್ನು ನಿಲ್ಲಿಸುತ್ತದೆ. ನಮ್ಮ ಕಡೆಯ ಬೇಸಿಗೆಯ ಒಣ ಗಾಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸ್ಕಿಮ್ಮರಿನ ನೊರೆ ಸೇರುವ ಬಟ್ಟಲಿನಿಂದ ಹೊರಬರುವ ತೇವದ ಗಾಳಿಯನ್ನೇ ಡಬ್ಬಿಗೆ ತಿರುಗಿಸಿದರೆ ಎರಡೂ ತೊಂದರೆಗಳು ಒಂದಿಷ್ಟು ಹಗುರಾಗುತ್ತವೆ.

ಬಿಸಿಲೂರು

ಇಬ್ಬರಿಗೂ ಧನ್ಯವಾದ. ಮೀಟರ್ ಸರಿಹೊಂದಿಸಿ ಲೋಟದ ಪರೀಕ್ಷೆ ಮಾಡಿದೆ. ಬೆಳಗಿನ ಜಾವ ಮಾಳಿಗೆಯಲ್ಲಿಟ್ಟ ಲೋಟ 8.25ಕ್ಕೆ ಏರಿತು, ಕೋಣೆಯದು 7.8 ದಾಟಲಿಲ್ಲ. ಹಾಗಾಗಿ ಸ್ಕಿಮ್ಮರಿಗೆ ಹೊರಗಿನಿಂದ ಗಾಳಿಯ ಕೊಳವೆ ತರಬೇಕೆಂದಿದ್ದೇನೆ. ಆದರೆ ಮೇ ತಿಂಗಳ ನಮ್ಮ ಊರಿನ ಗಾಳಿಯನ್ನು ನೇರವಾಗಿ ನೀರಿಗೆ ಬಿಟ್ಟರೆ ಮೀನು ಬೆಂದು ಹೋಗುವುದಿಲ್ಲವೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ನನಗೂ ಅದೇ ಅನುಮಾನ.

ಕಾಗಿಣಾ ತೀರ

ಬೇಯುವುದಿಲ್ಲ, ತುಸು ತಣ್ಣಗೇ ಆಗುತ್ತದೆ. ಗಂಟೆಗೆ 600 ಲೀಟರ್ ಗಾಳಿ ಎಂದರೆ ತೂಕದಲ್ಲಿ ಮುಕ್ಕಾಲು ಕಿಲೋದೊಳಗೆ. ಅದು 42 ಡಿಗ್ರಿಯಿಂದ 27ಕ್ಕೆ ಇಳಿಯುವಾಗ ನೀರಿಗೆ ಕೊಡುವ ಶಾಖ ಸುಮಾರು 3 ವ್ಯಾಟ್. ಆದರೆ ಆ ಗಾಳಿ ಒಣಗಿದ್ದಾದ್ದರಿಂದ ಸ್ಕಿಮ್ಮರಿನೊಳಗೆ ತೇವ ಹೀರಿಕೊಂಡು ಹೊರಬರುತ್ತದೆ; ಆ ಆವಿಯಾಗುವಿಕೆ ಕಿತ್ತುಕೊಳ್ಳುವ ಶಾಖ 5 ವ್ಯಾಟಿಗೂ ಹೆಚ್ಚು. ಕೂಲರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ ತಾನೆ? ನಿಮಗೆ ಬೀಳುವ ಹೆಚ್ಚುವರಿ ಕೆಲಸವೆಂದರೆ ದಿನಕ್ಕೆ ಸುಮಾರು 200 ಮಿಲಿಲೀಟರ್ ಆರ್‌ಒ ನೀರು ಹೆಚ್ಚಿಗೆ ತುಂಬುವುದು.

ಕೊಳವೆಗೆ ಗೋಡೆ ಕೊರೆಸಬೇಡಿ. ಎಸಿಯ ತಾಮ್ರದ ಪೈಪು ಹೊರಹೋಗುವ ತೂತಿನಲ್ಲೇ 10 ಮಿಲಿಮೀಟರ್ ಕೊಳವೆಯೊಂದಕ್ಕೆ ಜಾಗವಿರುತ್ತದೆ. ತೂರಿಸಿ ಸುತ್ತ ಪುಟ್ಟಿ ತುಂಬಿದರೆ ಆಯಿತು. ಉದ್ದ ನಾಲ್ಕು ಮೀಟರ್ ದಾಟುವುದಾದರೆ ಇನ್ನೂ ದಪ್ಪ ಕೊಳವೆ ಬಳಸಿ, ಇಲ್ಲದಿದ್ದರೆ ಎಳೆತ ಕಡಿಮೆಯಾಗಿ ಸ್ಕಿಮ್ಮರಿನ ನೊರೆ ಕುಸಿಯುತ್ತದೆ. ಹೊರತುದಿ ನೆಲದ ಕಡೆ ಬಾಗಿರಲಿ, ಅದಕ್ಕೆ ಸಣ್ಣ ಜಾಲರಿ ಮತ್ತು ಸ್ಪಂಜು ಇರಲಿ. ಮಳೆಗೆ ಮುಂಚಿನ ಗಾಳಿಯಲ್ಲಿ ಏಳುವ ಎರೆಮಣ್ಣಿನ ಧೂಳು ಆ ಸ್ಪಂಜನ್ನು ವಾರದೊಳಗೆ ಕಪ್ಪಾಗಿಸುತ್ತದೆ. ಬೈಕು ನಿಲ್ಲಿಸುವ ಜಾಗ, ಜನರೇಟರಿನ ಹೊಗೆ ಇವುಗಳಿಂದ ದೂರವಿಡಿ. ಓಣಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂದಾಗ ಕೊಳವೆಯನ್ನು ಸ್ಕಿಮ್ಮರಿನಿಂದ ಬಿಚ್ಚಿಬಿಡಿ. ಆ ಹೊಗೆಯಲ್ಲಿರುವ ಕೀಟನಾಶಕ ಮೀನಿಗೂ ಸಿಗಡಿಗೂ ವಿಷ.

ಇನ್ನೊಂದು ಮಾತು. ಸ್ಕಿಮ್ಮರಿಗೆ ಶುದ್ಧ ಗಾಳಿ ಕೊಟ್ಟರೂ ತೊಟ್ಟಿಯ ಮೇಲ್ಮೈ ಕೋಣೆಯ ಗಾಳಿಯನ್ನೇ ಉಸಿರಾಡುತ್ತಿರುತ್ತದೆ, ಆದ್ದರಿಂದ ಕೊಳವೆಯೊಂದರಿಂದಲೇ 8.25 ಬರುವುದಿಲ್ಲ. ರಾತ್ರಿ ಹನ್ನೆರಡರ ಮೇಲೆ ಹೊರಗೆ ತುಸು ತಂಪಾದಾಗ ಎಸಿ ನಿಲ್ಲಿಸಿ, ಕಿಟಕಿಗೆ ಕೂರಿಸಿದ ಕೂಲರ್ ಹಾಕಿ, ಎದುರಿನ ಬಾಗಿಲನ್ನು ಒಂದು ಗೇಣು ತೆರೆದಿಡಿ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ತಳ್ಳುವುದರಿಂದ ಕೋಣೆಯ ಗಾಳಿ ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಬದಲಾಗುತ್ತದೆ. ನಮ್ಮ ಭಾಗದಲ್ಲಿ ಮನೆಮನೆಗೂ ಇರುವ ಈ ಡಬ್ಬದಷ್ಟು ಅಗ್ಗದ ಪಿಎಚ್ ಸಾಧನ ನನಗಂತೂ ಇನ್ನೊಂದು ಗೊತ್ತಿಲ್ಲ. ಹೊಗೆ ಗಾಡಿಯ ಎಚ್ಚರಿಕೆ ಕೂಲರಿಗೂ ಅನ್ವಯಿಸುತ್ತದೆ.

ತೊಗರಿ ಹೊಲ (ಯಾದಗಿರಿ)

ಸುಣ್ಣದ ತಿಳಿನೀರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನ ಸಲಹೆ ಬರುವುದು ಅದೇ ಇರುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಈ ತಿಳಿಯು ತೊಟ್ಟಿಯ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಪಿಎಚ್ ಏರಿಸುತ್ತದೆ ಎಂಬುದು ನಿಜ, ಗಟ್ಟಿ ಹವಳಗಳ ತೊಟ್ಟಿಗೆ ಅದು ಹೇಳಿಮಾಡಿಸಿದ್ದು. ಆದರೆ ಆವಿಯಾದ ನೀರಿನ ಬದಲಿಗೆಲ್ಲ ಅದನ್ನೇ ಹಾಕಿ ಎನ್ನುವ ಸೂತ್ರ ನಮ್ಮ ಬೇಸಿಗೆಗೆ ಹೊಂದುವುದಿಲ್ಲ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ 4 ಲೀಟರ್ ಆವಿಯಾದರೆ, ಅಷ್ಟನ್ನೂ ಪೂರ್ಣ ತಿಳಿಯಿಂದ ತುಂಬಿದಾಗ ಕ್ಷಾರೀಯತೆ ದಿನಕ್ಕೆ 2 ಡಿಕೆಎಚ್‌ಗೂ ಹೆಚ್ಚು ಏರುತ್ತದೆ. ಮೃದು ಹವಳಗಳ ತೊಟ್ಟಿ ಅದರ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಹಾಕಲೇಬೇಕೆಂದರೆ ಕ್ಷಾರೀಯತೆ ದಿನಕ್ಕೆ ಎಷ್ಟು ಇಳಿಯುತ್ತದೆಂದು ಅಳೆದು, ಅಷ್ಟಕ್ಕೆ ಮಾತ್ರ, ರಾತ್ರಿಯ ವೇಳೆ ಹನಿಹನಿಯಾಗಿ ಬಿಡಿ. ಎಲೆ ಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇಡ. ಅದರಲ್ಲಿ ಇನ್ನೇನು ಬೆರೆತಿದೆಯೋ ತಿಳಿಯದು, ಆಹಾರ ದರ್ಜೆಯದನ್ನೇ ತನ್ನಿ.

ನಿಮ್ಮ ತೊಟ್ಟಿಗೆ ಇದಕ್ಕಿಂತ ಸಂಪಿನಲ್ಲಿ (ಅಕ್ವೇರಿಯಂ ಕೆಳಗಿನ ಫಿಲ್ಟರ್ ತೊಟ್ಟಿ) ಒಂದು ಮುಷ್ಟಿ ಕೀಟೊ (ಕೀಟೊಮಾರ್ಫಾ ಎಂಬ ಹಸಿರು) ಪಾಚಿ ಹಾಕಿ, ಮೇಲಿನ ದೀಪ ಆರಿದ ಮೇಲೆ ಅದರ ದೀಪ ಹೊತ್ತುವಂತೆ ಟೈಮರ್ ಇಡುವುದು ಮೇಲು. ಬೆಳಕಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ರಾತ್ರಿಯ ಇಳಿತವನ್ನು ಅದು ಒಂದಿಷ್ಟು ತಡೆಯುತ್ತದೆ. ಸ್ಕಿಮ್ಮರಿಗೆ ಇನ್ವರ್ಟರ್ ಸಂಪರ್ಕ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ರಾತ್ರಿ ಕರೆಂಟ್ ಹೋದಾಗ ಪಿಎಚ್‌ಗಿಂತ ಮೊದಲು ಕೈಕೊಡುವುದು ಆಮ್ಲಜನಕ.