ಮಗ ಬೈಕ್ ಕೇಳುತ್ತಿದ್ದಾನೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಕೊಪ್ಪಳದ ಒಬ್ಬ ತಾಯಿಯ ಪ್ರಶ್ನೆ

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗನಿಗೆ ಬರುವ ಡಿಸೆಂಬರ್‌ಗೆ ಹದಿನೆಂಟು ತುಂಬುತ್ತದೆ. ಪಿಯುಸಿ ಮುಗಿಸಿ ಹೊಸಪೇಟೆಯಲ್ಲಿ ಕಾಲೇಜಿಗೆ ಸೇರಿದ್ದಾನೆ, ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಈಗ ಬೈಕ್ ಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಮನೆಯವರು, ‘ಗಂಡುಹುಡುಗ, ಇವತ್ತಲ್ಲ ನಾಳೆ ಓಡಿಸಲೇಬೇಕು, ಕೊಡಿಸಿಬಿಡೋಣ’ ಎನ್ನುತ್ತಾರೆ. ಮೈದುನ, ‘ಹದಿನೆಂಟಾಗುವವರೆಗೆ ಎಕ್ಸ್‌ಎಲ್ ಕೊಡಿಸಿ ಅತ್ತಿಗೆ, ಅದಕ್ಕೆ ಲೈಸೆನ್ಸ್ ಯಾರು ಕೇಳುತ್ತಾರೆ’ ಎನ್ನುತ್ತಾನೆ. ಗಿಣಿಗೇರಾ ದಾಟಿ ಹಿಟ್ನಾಳದ ಕಡೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಸಾಲು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇಡ ಎಂದರೆ ಮೂರು ದಿನ ಮಾತು ಬಿಡುತ್ತಾನೆ. ಒಂಬತ್ತನೇ ತರಗತಿಯಲ್ಲಿ ಮಗಳೂ ಇದ್ದಾಳೆ, ಅವಳು ಎಲ್ಲವನ್ನೂ ನೋಡುತ್ತಿದ್ದಾಳೆ. ಮಕ್ಕಳು ಗಾಡಿ ಕೇಳಿದಾಗ ನೀವು ಏನು ಹೇಳಿದಿರಿ, ಆಮೇಲೆ ಏನಾಯಿತು? ಉಪದೇಶ ಬೇಡ, ನಡೆದದ್ದನ್ನು ಹೇಳಿ.

ಸಿಂಧನೂರಿನಿಂದ, ಗೊಬ್ಬರದ ಅಂಗಡಿಯವರು

ಅಕ್ಕಾವರೇ, ನಾನು ಬೇಡ ಎಂದವನು. ನಮ್ಮಣ್ಣ 2003ರಲ್ಲಿ ರಾತ್ರಿ ಬರುವಾಗ ರಸ್ತೆ ಬದಿಗೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಹಾಯ್ದು ಹೋಗಿಬಿಟ್ಟ. ಟ್ರಾಲಿಗೆ ಹಿಂದೆ ದೀಪವೂ ಇರಲಿಲ್ಲ, ಕೆಂಪು ಪಟ್ಟಿಯೂ ಇರಲಿಲ್ಲ. ಆದ್ದರಿಂದ ನನ್ನ ಮಗ ದೊಡ್ಡವನಾಗಿ ಬೈಕ್ ಎಂದ ದಿನವೇ, ‘ಈ ಮನೆಯಲ್ಲಿ ಗಾಡಿಯ ಮಾತು ಎತ್ತಬೇಡ’ ಎಂದೆ. ಅವನು ಎತ್ತಲಿಲ್ಲ. ಎರಡು ವರ್ಷ ಎತ್ತಲಿಲ್ಲ. ಮಗ ಮಾತು ಕೇಳುವವನು ಎಂದು ನೆಂಟರ ಮುಂದೆ ಹೇಳಿಕೊಂಡು ತಿರುಗಿದೆ.

2020ರ ಡಿಸೆಂಬರ್, ಭತ್ತದ ಸುಗ್ಗಿ. ನಮ್ಮ ಕಡೆ ಆಗ ರಸ್ತೆಯ ಅರ್ಧಭಾಗ ಕಣವಾಗಿರುತ್ತದೆ ಎಂಬುದು ನಿಮಗೂ ಗೊತ್ತು. ಭತ್ತ ಹರವುತ್ತಾರೆ, ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸಿ ಸುತ್ತ ಕಲ್ಲು ಇಡುತ್ತಾರೆ. ಕತ್ತಲಲ್ಲಿ ಕರಿ ತಾಡಪಾಲೂ ಡಾಂಬರೂ ಒಂದೇ ಬಣ್ಣ. ರಾಶಿ ಎತ್ತಿದ ಮೇಲೂ ಕಾಳು ಉಳಿದಿರುತ್ತವೆ, ಅವುಗಳ ಮೇಲೆ ಬ್ರೇಕ್ ಹಿಡಿದರೆ ಚಕ್ರ ರಾಗಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಕಾರಟಗಿ ಕಡೆಯಿಂದ ಸ್ನೇಹಿತನ ಗಾಡಿ ಓಡಿಸಿಕೊಂಡು ಬರುತ್ತಿದ್ದ ನನ್ನ ಮಗ ಹಾಗೆಯೇ ಬಿದ್ದ. ಹೆಲ್ಮೆಟ್ ಇರಲಿಲ್ಲ, ಲೈಸೆನ್ಸ್ ಇರಲಿಲ್ಲ.

ಇದು ನನಗೆ ತಿಳಿದದ್ದು ಆರು ದಿನಗಳ ಮೇಲೆ. ಆರು ದಿನ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು, ಎಡಗೈಯಲ್ಲಿ ಊಟ ಮಾಡಲಾಗದೆ, ಹಸಿವಿಲ್ಲ ಎಂದು ಎದ್ದುಹೋಗುತ್ತಿದ್ದ. ಜ್ವರ ಬಂದ ಮೇಲೆ ಅವರವ್ವ ಅಂಗಿ ಬಿಚ್ಚಿಸಿ ನೋಡಿದಳು. ಮೊಣಕೈಯಿಂದ ಕೆಳಗೆ ಚರ್ಮ ಕಿತ್ತು ಕೀವಾಗಿತ್ತು, ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಗಾಡಿಯ ಮಾತು ಎತ್ತಬೇಡ ಎಂದಿದ್ದಿರಲ್ಲ ಅಪ್ಪಾ’ ಎಂದ. ಎದುರುತ್ತರ ಕೊಡಲೆಂದು ಹೇಳಿದ್ದಲ್ಲ, ನಿಜವಾಗಿಯೂ ಹಾಗೆಂದೇ ತಿಳಿದಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಲೆಗೆ ಪೆಟ್ಟಾಗಿದ್ದರೂ ಅವನು ಹೀಗೆಯೇ ಬಚ್ಚಿಟ್ಟುಕೊಂಡು ಮಲಗುತ್ತಿದ್ದನಲ್ಲ ಎಂದು ಮತ್ತೆ ಮತ್ತೆ ಅನ್ನಿಸಿತು.

ಕೈ ವಾಸಿಯಾದ ಮೇಲೆ ಕಲಿಕಾ ಲೈಸೆನ್ಸ್ ಮಾಡಿಸಿದೆ. ಅದು ಬಂದು ಮೂವತ್ತು ದಿನವಾಗದೆ ಪಕ್ಕಾ ಲೈಸೆನ್ಸಿನ ಪರೀಕ್ಷೆ ಇಲ್ಲ. ಆ ತಿಂಗಳು ನಮಗೆ ತುಂಬಾ ಉಪಯೋಗವಾಯಿತು. ಸಂತೆಯಿಲ್ಲದ ದಿನ ಎಪಿಎಂಸಿ ಅಂಗಳ ಖಾಲಿ ಇರುತ್ತದೆ, ಅಲ್ಲಿ ನಾನೇ ಕಲಿಸಿದೆ. ಓಡಿಸುವುದು ಅವನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು, ನಿಲ್ಲಿಸುವುದು ಬರುತ್ತಿರಲಿಲ್ಲ. ಸ್ನೇಹಿತರು ಅವನಿಗೆ ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಆಗುತ್ತದೆ’ ಎಂದು ಹೇಳಿಕೊಟ್ಟಿದ್ದರು. ಎರಡೂ ಬ್ರೇಕನ್ನು ಸಮವಾಗಿ ಹಿಡಿಯುವುದನ್ನು ದಿನಾಲೂ ಮಾಡಿಸಿದೆ. ಸುಣ್ಣದ ಗೆರೆ ಎಳೆದು, ಗಾಡಿ ಎಲ್ಲಿ ನಿಂತಿತು ಎಂದು ಅಳೆದೆವು. ಆಮೇಲೆ ಅಂಗಡಿಯಿಂದ 45 ಕೆ.ಜಿ.ಯ ಯೂರಿಯಾ ಚೀಲ ತಂದು ಹಿಂದಿನ ಸೀಟಿಗೆ ಬಿಗಿದು ಅದೇ ಗೆರೆಯಿಂದ ನಿಲ್ಲಿಸು ಎಂದೆ. ಎಷ್ಟು ಮುಂದೆ ಹೋಗಿ ನಿಂತಿತು ಎಂದು ನೋಡಿ ಅವನೇ ಸುಮ್ಮನಾದ. ಹಿಂದೆ ಸ್ನೇಹಿತನನ್ನು ಕೂರಿಸಿಕೊಂಡರೆ ಗಾಡಿ ಬೇರೆಯದೇ ಆಗುತ್ತದೆ ಎಂದು ನಾನು ಬಾಯಲ್ಲಿ ಹೇಳಿದ್ದರೆ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದ.

ಗಾಡಿ ಕೊಂಡದ್ದು 2021ರಲ್ಲಿ. ಅವನಿಗೆ 150 ಸಿಸಿ ಬೇಕಿತ್ತು. 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿತ್ತು, ಗಟ್ಟಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗುವುದಿಲ್ಲ. ಸಣ್ಣವಕ್ಕೆ ಎರಡೂ ಚಕ್ರ ಕೂಡಿಸಿ ಹಿಡಿಯುವ ವ್ಯವಸ್ಥೆ ಮಾತ್ರ. ಇದನ್ನು ಮುಂದಿಟ್ಟುಕೊಂಡು ಅವನು ಒಳ್ಳೆಯ ವಾದವನ್ನೇ ಮಾಡಿದ. ನಾನು ಮೂರು ದಿನ ಯೋಚಿಸಿ 125ನ್ನೇ ಕೊಡಿಸಿದೆ. ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ಯೋಚಿಸುತ್ತೇನೆ, ಅವನ ವಾದದಲ್ಲಿ ಹುರುಳಿತ್ತು.

ಷರತ್ತು ಎರಡೇ ಹಾಕಿದೆ. ಮೊದಲ ವರ್ಷ ಸುಗ್ಗಿಯಲ್ಲಿ ಸೂರ್ಯ ಮುಳುಗಿದ ಮೇಲೆ ಊರಾಚೆ ಗಾಡಿ ಇಲ್ಲ. ಎಲ್ಲಿ ತಡವಾದರೂ ಫೋನ್ ಮಾಡಬೇಕು, ನಾನು ಬೈಯುವುದಿಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ಮಸ್ಕಿಯಿಂದ ಫೋನ್ ಮಾಡಿದ. ಅಂಗಡಿಯ ಗೂಡ್ಸ್ ಗಾಡಿ ತೆಗೆದುಕೊಂಡು ಹೋಗಿ ಅವನನ್ನೂ ಬೈಕನ್ನೂ ಹೇರಿಕೊಂಡು ಬಂದೆ. ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ಕೂತಿದ್ದೆ. ಬೈಯದಿರುವುದು ಅಷ್ಟು ಕಷ್ಟ.

ಇನ್ನೊಂದು ಮಾತು. ಹೆಲ್ಮೆಟ್ ಕೊಟ್ಟಾಗ ಅವನು, ‘ನೀವು?’ ಎಂದ. ಮನೆಯಿಂದ ಅಂಗಡಿಗೆ ಇಪ್ಪತ್ತೈದು ವರ್ಷ ಬರಿತಲೆಯಲ್ಲಿ ಹೋಗಿದ್ದೇನೆ. ಬಿಸಿಲು, ಸೆಕೆ, ಹತ್ತಿರವೇ ಇದೆಯಲ್ಲ ಎಂಬ ನೆವ. ಈಗ ತೆಳು ಹತ್ತಿಯ ವಲ್ಲಿಯನ್ನು ನೆನೆಸಿ ಹಿಂಡಿ ತಲೆಗೆ ಸುತ್ತಿ ಅದರ ಮೇಲೆ ಹಾಕುತ್ತೇನೆ. ಏಪ್ರಿಲ್‌ನಲ್ಲೂ ತಡೆಯುತ್ತದೆ.

ನಿಮ್ಮ ಮಗ ಗಾಡಿ ಕೇಳುತ್ತಿದ್ದಾನೆ ಎಂದರೆ ಅವನಿಗೆ ಓಡಿಸಲು ಈಗಾಗಲೇ ಬರುತ್ತದೆ, ಅಕ್ಕಾವರೇ. ಯಾರ ಗಾಡಿಯಲ್ಲಿ ಕಲಿತ ಎಂದು ಮೊದಲು ಕೇಳಿ. ಸಿಟ್ಟು ಮಾಡದೆ ಕೇಳಿ.

ಗಂಗಾವತಿಯಿಂದ, ವಿಮಾ ಪ್ರತಿನಿಧಿ

ಮೈದುನನವರ ಎಕ್ಸ್‌ಎಲ್ ಮಾತಿಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಇದೇ ಮಾತನ್ನು ನಂಬಿ ಕೆಟ್ಟವರನ್ನು ಕಂಡಿದ್ದೇನೆ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ತಂದೆತಾಯಿ ಒಪ್ಪಿಗೆ ಕೊಟ್ಟರೆ. ಎಕ್ಸ್‌ಎಲ್ 100 ಎಂಬುದು 99.7 ಸಿಸಿ. ಹಳೆಯ ಎಕ್ಸ್‌ಎಲ್ ಸೂಪರ್ ಕೂಡ ಸುಮಾರು 70. ಹೊಲಕ್ಕೆ ಹೋಗುವ ಗಾಡಿ ಎಂದ ಮಾತ್ರಕ್ಕೆ ಕಾನೂನು ಬೇರೆಯಾಗುವುದಿಲ್ಲ. ಲೈಸೆನ್ಸ್ ಬೇಡದ ಬ್ಯಾಟರಿ ಸ್ಕೂಟರ್ ಇದೆ, ಆದರೆ ಅದರ ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರಬೇಕು. ಅದನ್ನು ಬಿಚ್ಚಿ ವೇಗ ಹೆಚ್ಚಿಸಿದರೆ ಆ ವಿನಾಯಿತಿ ಹೋಯಿತು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 199ಎ ಕಲಂ ಸೇರಿದೆ. ಹದಿನೆಂಟರ ಒಳಗಿನವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ನೀವು ಸರ್ಕಾರಿ ನೌಕರರಾಗಿದ್ದರೆ ಇದನ್ನು ಎರಡು ಸಲ ಓದಿ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಅದಕ್ಕಾಗಿ ಹೊಲ ಮಾರಿದವರಿದ್ದಾರೆ.

ರಾಯಚೂರಿನಿಂದ, ಆಸ್ಪತ್ರೆಯ ನರ್ಸ್

ಮೇಡಂ, ನಾನು ತಾಯಿಯಲ್ಲ, ಮಗಳು. ನಿಮ್ಮ ಪ್ರಶ್ನೆಯಲ್ಲಿ ಮಗಳು ಕೊನೆಗೆ ಒಂದು ಸಾಲಿನಲ್ಲಿ ಬಂದಳು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಮ್ಮನಿಗೆ ಹದಿನಾರಕ್ಕೇ ಅಪ್ಪ ಗಾಡಿ ಕೊಟ್ಟರು. ನಾನು ಕಲಿಯುತ್ತೇನೆ ಎಂದಾಗ ಅವ್ವ, ‘ಬಿದ್ದು ಮುಖಕ್ಕೆ ಗಾಯವಾದರೆ ನಿನ್ನನ್ನು ಯಾರು ಮಾಡಿಕೊಳ್ಳುತ್ತಾರೆ’ ಎಂದರು. ಅವರಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಎಂದು ನಾನು ಹೇಳುವುದಿಲ್ಲ. ಆದರೆ ತಮ್ಮನ ತಲೆ ಒಡೆಯುವ ಭಯಕ್ಕಿಂತ ನನ್ನ ಕೆನ್ನೆ ತರಚುವ ಭಯ ದೊಡ್ಡದಾಗಿತ್ತು. 2023ರಿಂದ ನಮಗೆ ಬಸ್ ಉಚಿತವಾಗಿದೆ, ಹಗಲು ಅದರಲ್ಲೇ ಓಡಾಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬರುವಾಗ ನಮ್ಮ ಬಡಾವಣೆಗೆ ಬಸ್ಸೇ ಇಲ್ಲ. ಇಪ್ಪತ್ತಾರನೇ ವರ್ಷದಲ್ಲಿ, ನನ್ನ ಸಂಬಳದಲ್ಲಿ ಸ್ಕೂಟಿ ಕೊಂಡೆ. ಅಪ್ಪ ಒಂದು ತಿಂಗಳು ಅದರ ಕಡೆ ನೋಡಲಿಲ್ಲ. ಈಗ ನನ್ನ ಟೈರಿನ ಗಾಳಿಯನ್ನು ಪ್ರತಿ ಭಾನುವಾರ ಅವರೇ ನೋಡುತ್ತಾರೆ.

ಪಾಳಿಯಲ್ಲಿ ಕಂಡದ್ದು ಹೇಳಲೇಬೇಕು. ಹೆಲ್ಮೆಟ್ ಇತ್ತು ಎನ್ನುತ್ತಾರೆ, ಪಟ್ಟಿ ಬಿಗಿದಿರುವುದಿಲ್ಲ. ಬಿದ್ದ ಕೂಡಲೇ ಹೆಲ್ಮೆಟ್ ಒಂದು ಕಡೆ, ತಲೆ ಇನ್ನೊಂದು ಕಡೆ. ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲವಿರಲಿ, ಐಎಸ್‌ಐ ಗುರುತು ಇರಲಿ. ಹಿಂದೆ ಕೂರುವ ಹೆಣ್ಣುಮಕ್ಕಳ ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿ ಬಂದವರನ್ನೂ ನೋಡಿದ್ದೇನೆ. ಚಂದ ಕಾಣುವುದಿಲ್ಲ ಎಂದು ಸೀರೆ ಗಾರ್ಡ್ ಬಿಚ್ಚಿಸುವ ಹುಡುಗರಿಗೆ ಇದನ್ನು ಹೇಳಿ.

ಎಪಿಎಂಸಿ ಅಂಗಳಕ್ಕೆ ಹೋಗುವ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಓಡಿಸುವುದು ಆಮೇಲೆ, ಅವಳ ವಯಸ್ಸು ಬಂದಾಗ. ಆದರೆ ಆ ಸುಣ್ಣದ ಗೆರೆಯನ್ನು ಅವಳೂ ನೋಡಲಿ.

ಬಳ್ಳಾರಿಯಿಂದ, ನಿವೃತ್ತ ಬಸ್ ಚಾಲಕ

ತಾಯಿ, ಮೂವತ್ತೊಂದು ವರ್ಷ ಬಸ್ ಓಡಿಸಿದ್ದೇನೆ. ಬೈಕಿನ ಹುಡುಗರು ನಮಗೆ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ ಅವನಿಗೆ ನೀನೂ ಕಾಣುತ್ತಿಲ್ಲ ಎಂದು ಮಗನಿಗೆ ಹೇಳಿ. ಬಸ್ಸು ಎಡಕ್ಕೆ ಹೊರಳುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊರೆದುಕೊಂಡು ಬರುತ್ತದೆ. ಆ ಸಂದಿಯಲ್ಲಿ ನುಗ್ಗಿದವನಿಗೆ ಹೋಗಲು ಜಾಗವೇ ಇರುವುದಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಸಂಡೂರು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಕೆಂಪು ಧೂಳು ಹೇಗಿತ್ತೆಂದರೆ ಹಗಲಲ್ಲೇ ದೀಪ ಹಾಕುತ್ತಿದ್ದೆವು. ಆ ವರ್ಷಗಳಲ್ಲಿ ನನ್ನ ಮಗ ಗಾಡಿ ಕೇಳಿದ, ಕೊಡಿಸಲಿಲ್ಲ, ಹಾಸ್ಟೆಲ್ಲಿಗೆ ಹಾಕಿದೆ. ಅದು ತಪ್ಪೆಂದು ಇಂದಿಗೂ ಅನ್ನಿಸಿಲ್ಲ. ಧೂಳು ಕಡಿಮೆಯಾದ ಮೇಲೆ ನಾನೇ ಕೊಡಿಸಿದೆ. ಸಿಂಧನೂರಿನವರು ಮಗನನ್ನು ನೋಡಿ ನಿರ್ಧರಿಸಿದರು, ನಾನು ರಸ್ತೆಯನ್ನು ನೋಡಿ ನಿರ್ಧರಿಸಿದೆ.

ಕೊಪ್ಪಳದಿಂದ ಹೊಸಪೇಟೆಗೆ ಬಸ್ಸಿದೆ, ರೈಲೂ ಇದೆ. ಹೆದ್ದಾರಿ ಅವಕ್ಕೇ ಇರಲಿ. ಗಾಡಿ ಮನೆಯಿಂದ ಬಸ್ ನಿಲ್ದಾಣದವರೆಗೆ ಸಾಕು, ಒಂದೆರಡು ವರ್ಷ. ಅಷ್ಟರಲ್ಲಿ ಅವನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೊರಗೆ ನೋಡಲು ಹೇಳಿ. ಬೈಕಿನವರು ಮಾಡುವುದೆಲ್ಲ ಅಲ್ಲಿಂದ ಕಾಣುತ್ತದೆ.

ಬಳ್ಳಾರಿಯಿಂದ, ಇನ್ನೊಬ್ಬ ತಾಯಿ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಸಿಂಧನೂರಿನ ಅಣ್ಣನವರು ಬರೆದದ್ದು ಓದಿ ಕಣ್ಣು ತುಂಬಿತು, ಆದರೆ ಚೆನ್ನಾಗಿ ಕಲಿಸಿದರೆ ಮುಗಿಯಿತು ಎಂದು ಯಾರೂ ತಿಳಿಯಬಾರದು. ನನ್ನ ದೊಡ್ಡ ಮಗನಿಗೂ ಕಲಿಸಿದ್ದೆವು. ಲೈಸೆನ್ಸ್ ಇತ್ತು, ಹೆಲ್ಮೆಟ್ ಇತ್ತು, ಪಟ್ಟಿಯೂ ಬಿಗಿದಿತ್ತು. ಎದುರಿನಿಂದ ಬಂದ ಲಾರಿ ಅವನ ಬದಿಗೆ ಬಂತು. ಗಾಡಿ ಕೊಡಿಸಿದ್ದು ನಾನೇ, ಕಿವಿಯೋಲೆ ಒತ್ತೆಯಿಟ್ಟು.

ಎರಡನೆಯವನು ಈಗ ಓಡಿಸುತ್ತಾನೆ. ಅವನ ಕೆಲಸವೇ ಊರೂರು ತಿರುಗುವುದು, ನಾನು ತಡೆಯಲಿಲ್ಲ. ಅವನು ಮನೆಗೆ ಬರುವವರೆಗೆ ನಾನು ಊಟ ಮಾಡುವುದಿಲ್ಲ. ಅದು ಅವನಿಗೆ ಗೊತ್ತು, ತಡವಾದರೆ ಫೋನ್ ಮಾಡಿ, ‘ಅವ್ವಾ, ಊಟ ಮಾಡು’ ಎನ್ನುತ್ತಾನೆ. ನಿಮ್ಮ ಹೊಟ್ಟೆಯ ಸಂಕಟವನ್ನು ಮಗನಿಂದ ಮುಚ್ಚಿಡಬೇಡಿ ತಂಗಿ. ಅವನಿಗೆ ಅದು ತಿಳಿದಿರಲಿ.

ಮತ್ತೆ ಕೊಪ್ಪಳದಿಂದ

ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕಾ, ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಮಗನಿಗೆ ಓದಿ ಹೇಳಿದೆ. ಕೇಳಿ ಸುಮ್ಮನೆ ಎದ್ದು ಹೋಗಿ ನನಗೆ ನೀರು ತಂದುಕೊಟ್ಟ.

ಆಮೇಲೆ, ಇಷ್ಟು ದಿನ ಯಾರ ಯಾರ ಗಾಡಿ ಓಡಿಸಿದ್ದೀಯ ಎಂದು ಕೇಳಿದೆ. ಸಿಟ್ಟು ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತು ಮೂರು ಹೆಸರು ಹೇಳಿದ. ಎರಡು ಅವನ ಸ್ನೇಹಿತರವು. ಮೂರನೆಯದು ಅವರಪ್ಪನದು. ಕಳೆದ ಬೇಸಿಗೆಯಿಂದ ನಸುಕಿನಲ್ಲಿ ಹಾಲು ತರಲು ಅವರೇ ಕೀಲಿ ಕೊಡುತ್ತಿದ್ದರಂತೆ. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. 199ಎ ಕಲಮನ್ನು ಅವರಿಗೂ ಓದಿ ಹೇಳಿದೆ.

ಡಿಸೆಂಬರ್‌ವರೆಗೆ ಆ ಕೀಲಿ ನನ್ನ ಶಾಲೆಯ ಚೀಲದಲ್ಲಿರುತ್ತದೆ. ಹಾಲಿಗೆ ಅಪ್ಪ, ಮಗ ಇಬ್ಬರೂ ನಡೆದುಕೊಂಡು ಹೋಗುತ್ತಿದ್ದಾರೆ. ಯೂರಿಯಾ ಚೀಲ ಎಲ್ಲಿ ಸಿಗುತ್ತದೆ ಎಂದು ಮಗಳು ಕೇಳುತ್ತಿದ್ದಾಳೆ.