ಮೈಕ್ರೋವೇವ್‌ನಲ್ಲಿ ಬೆಳಕಿನ ವೇಗ ಅಳೆದವರು ಯಾರಾದರೂ ಇದ್ದೀರಾ?

ರಾಜಾಜಿನಗರದಿಂದ ಕೇಳುತ್ತಿದ್ದೇನೆ. ಮಗಳು ಎಂಟನೇ ಕ್ಲಾಸು. ಫೆಬ್ರವರಿ 28ಕ್ಕೆ ಶಾಲೆಯಲ್ಲಿ ವಿಜ್ಞಾನ ದಿನ. ಮೈಕ್ರೋವೇವ್‌ನಲ್ಲಿ ಚಾಕೊಲೇಟ್ ಕರಗಿಸಿ ಬೆಳಕಿನ ವೇಗ ಕಂಡುಹಿಡಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎರಡು ಬಾರ್ ಆಗಲೇ ಹಾಳಾದವು, ಅಂದರೆ ಅವಳ ಹೊಟ್ಟೆ ಸೇರಿದವು. ಎಲ್ಲಾ ಒಟ್ಟಿಗೆ ಕರಗಿ ಮುದ್ದೆಯಾಗುತ್ತದೆ. ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ:
ತಟ್ಟೆ ತಿರುಗುತ್ತಿತ್ತು, ಅಲ್ವಾ ಮೇಡಂ? ನಾವೂ ಅದೇ ತಪ್ಪು ಮಾಡಿದ್ದೆವು. ಗಾಜಿನ ತಟ್ಟೆ, ಅದರ ಕೆಳಗಿನ ಚಕ್ರದ ರಿಂಗ್, ಎರಡನ್ನೂ ತೆಗೆಯಿರಿ. ಆದರೂ ನಡುವಿನ ಗುಬುಟು ತಿರುಗುತ್ತಲೇ ಇರುತ್ತದೆ. ಅದಕ್ಕೆ ತಾಗದ ಹಾಗೆ ಒಂದು ಗಾಜಿನ ಬೌಲ್ ಬೋರಲು ಹಾಕಿ, ಮೇಲೆ ಚಪ್ಪಟೆ ತಟ್ಟೆ ಇಡಿ. ಚಾಕೊಲೇಟನ್ನು ಮೊದಲು ಫ್ರಿಜ್‌ನಲ್ಲಿಡಿ, ಬೆಳ್ಳಿ ಕಾಗದ ಪೂರ್ತಿ ಬಿಚ್ಚಿ. 20 ಸೆಕೆಂಡು ಸಾಕು. ಮೊದಲ ಹೊಳಪು ಕಂಡ ತಕ್ಷಣ ನಿಲ್ಲಿಸಿ.

ವಿಜಯನಗರದಿಂದ:
ಚಾಕೊಲೇಟ್ ಯಾಕೆ ಸುಮ್ನೆ ದಂಡ, ಉದ್ದಿನ ಹಪ್ಪಳ ಇಡಿ! ಬಿಸಿ ಬಿದ್ದ ಕಡೆ ಬೆಳ್ಳಗೆ ಉಬ್ಬುತ್ತದೆ, ಮಿಕ್ಕಿದ್ದು ಹಸಿಯಾಗಿಯೇ ಹಳದಿ ಬಣ್ಣದಲ್ಲಿರುತ್ತದೆ. ಒಂದು ಹಪ್ಪಳದಲ್ಲಿ ಎರಡು ಮೂರು ಕಲೆ ಅಷ್ಟೇ ಸಿಗುತ್ತವೆ, ಅದಕ್ಕೆ ನಾಲ್ಕನ್ನು ಪಕ್ಕಪಕ್ಕ ಜೋಡಿಸಿದೆವು. ದೋಸೆ ಹಿಟ್ಟನ್ನು ತಟ್ಟೆಗೆ ತೆಳ್ಳಗೆ ಸವರಿಯೂ ನೋಡಿದೆ. ಕಲೆಗಳೇನೋ ಬಂದವು, ಆದರೆ ಅಂಚು ಹರಡಿಹೋಗಿ ಸ್ಕೇಲ್ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅತ್ತೆ ಅಂತೂ "ಇದೇನು ದೋಸೆಗೆ ತೊನ್ನು ಹತ್ತಿದೆ" ಅಂದುಬಿಟ್ಟರು.

ಮಲ್ಲೇಶ್ವರದಿಂದ:
ನಾನು ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಓವನ್ನಿನೊಳಗಿನ ಮೈಕ್ರೋವೇವ್ ಅಲೆಗಳೂ ಬೆಳಕಿನ ಜಾತಿಯವೇ, ಓಡುವುದೂ ಬೆಳಕಿನ ವೇಗದಲ್ಲೇ. ಈ ಅಲೆಗಳು ಓವನ್ನಿನ ಲೋಹದ ಗೋಡೆಗೆ ಬಡಿದು ವಾಪಸ್ಸು ಬರುತ್ತವೆ. ಹೋಗುವ ಅಲೆ, ಬರುವ ಅಲೆ ಸೇರಿ ಕೆಲವು ಕಡೆ ಜೋರಾಗುತ್ತವೆ, ಕೆಲವು ಕಡೆ ಸತ್ತುಹೋಗುತ್ತವೆ. ಜೋರಾದ ಕಡೆ ಹಪ್ಪಳ ಉಬ್ಬುತ್ತದೆ. ಒಂದು ಕಲೆಯ ನಡುವಿನಿಂದ ಪಕ್ಕದ ಕಲೆಯ ನಡುವಿಗೆ ಇರುವುದು ಅರ್ಧ ಅಲೆ ಮಾತ್ರ. ಮಕ್ಕಳು ಎರಡರಿಂದ ಗುಣಿಸುವುದನ್ನು ಮರೆತು ಒಂದೂವರೆ ಲಕ್ಷ ಕಿ.ಮೀ. ಅಂತ ಬರೆದುಬಿಡುತ್ತಾರೆ!

ಓವನ್ನಿನ ಹಿಂದಿನ ಚೀಟಿ ನೋಡಿ. 2450 ಮೆಗಾಹರ್ಟ್ಜ್ ಅಂತ ಇರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಅಲೆ. ಅಲೆಯ ಉದ್ದವನ್ನು ಇದರಿಂದ ಗುಣಿಸಿದರೆ ವೇಗ ಸಿಕ್ಕಿತು. ಲೆಕ್ಕದ ಪ್ರಕಾರ ಕಲೆಗಳ ನಡುವೆ ಸುಮಾರು 6.1 ಸೆಂ.ಮೀ. ಬರಬೇಕು.

ಬರುವುದಿಲ್ಲ! ಒಂದು ಜೋಡಿ 5.5, ಇನ್ನೊಂದು 7. ಅಲೆಗಳು ಅಡ್ಡ, ಉದ್ದ, ಮೇಲೆ ಕೆಳಗೆ ಎಲ್ಲಾ ಕಡೆ ಓಡಾಡುತ್ತವೆ, ಕಲೆಗಳು ಸಾಲಾಗಿ ಕೂರುವುದಿಲ್ಲ. ಇಲ್ಲೇ ಕಳ್ಳತನ ನಡೆಯುವುದು. 6.1 ಅಂತ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಹತ್ತಿರದ ಜೋಡಿಯನ್ನೇ ಹುಡುಕಿ ಅಳೆಯುತ್ತಾರೆ. ಉತ್ತರ ಚೆನ್ನಾಗಿ ಬರುತ್ತದೆ, ಪ್ರಯೋಗ ಮಾತ್ರ ಆಗಿರುವುದಿಲ್ಲ. ಯಾವ ಜೋಡಿಗಳು ಅಂತ ಗುರುತು ಹಾಕಿ, ಆಮೇಲೆ ಸ್ಕೇಲ್ ಹಿಡಿಯಲಿ. ಎಲ್ಲವನ್ನೂ ಬರೆದು ಸರಾಸರಿ ತೆಗೆಯಲಿ.

ಇನ್ನೊಂದು ತಮಾಷೆ. 1983ರಿಂದ ಮೀಟರ್ ಅನ್ನುವ ಅಳತೆಯನ್ನೇ ಬೆಳಕಿನ ವೇಗದಿಂದ ಕಟ್ಟಿದ್ದಾರೆ, ಸೆಕೆಂಡಿಗೆ 29,97,92,458 ಮೀಟರ್ ಅಂತ. ಹಾಗಾಗಿ ಅವಳು ಹಿಡಿದ ಸ್ಕೇಲಿನೊಳಗೂ ಬೆಳಕು ಕೂತಿದೆ. ಜಾಣ ತೀರ್ಪುಗಾರರು ಇದನ್ನು ಕೇಳಿಯಾರು.

ರಾಜಾಜಿನಗರದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಹಪ್ಪಳವೇ ಗೆದ್ದಿತು. ಸ್ಕೆಚ್ ಪೆನ್ನಿನಲ್ಲಿ ಚುಕ್ಕಿ ಇಟ್ಟು ಐದು ಜೋಡಿ ಅಳೆದಳು: 6, 6.5, 5.5, 6.3, 7. ಸರಾಸರಿ 6.26 ಸೆಂ.ಮೀ. ವೇಗ ಸೆಕೆಂಡಿಗೆ 3,06,740 ಕಿ.ಮೀ. ಬಂತು. ಆ 7 ಬಿಟ್ಟುಬಿಟ್ಟರೆ ಇನ್ನೂ ಹತ್ತಿರ ಬರುತ್ತೆ ಕಣೇ ಅಂದೆ. ಮೇಷ್ಟ್ರು ಬೇಡ ಅಂದಿದ್ದಾರೆ ಅಂತ ಚಾರ್ಟಿನಲ್ಲಿ ಅದನ್ನೇ ದಪ್ಪಗೆ ಬರೆದಿದ್ದಾಳೆ.