ಪದಚರ್ಚೆ: ಅಪಘಾತ ಪರಿಹಾರದ ಕಾಗದಗಳಲ್ಲಿ ‘ಮಾನಸಿಕ ಪರೀಕ್ಷೆ’ ಎಂಬ ಮಾತು ಸರಿಯೇ?

ಮಾನ್ಯರೇ, ನಮಸ್ಕಾರ.

ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಹನ ಅಪಘಾತ ಪರಿಹಾರದ ಅರ್ಜಿಗಳಿಗೆ ಕನ್ನಡದಲ್ಲಿ ಅಫಿಡವಿಟ್ ಬರೆಯುವುದು ಮತ್ತು ಇಂಗ್ಲಿಷಿನಲ್ಲಿರುವ ವೈದ್ಯರ ವರದಿಗಳನ್ನು ಕಕ್ಷಿದಾರರಿಗೆ ತಿಳಿಯುವಂತೆ ಓದಿ ಹೇಳುವುದು ನನ್ನ ವೃತ್ತಿಯ ಭಾಗ. ಮೂಳೆ ಮುರಿತ, ಹೊಲಿಗೆ, ರಾಡು, ಪ್ಲೇಟುಗಳ ವಿಷಯದಲ್ಲಿ ಮಾತಿಗೆ ಕೊರತೆಯಿಲ್ಲ. ವೂಂಡ್ ಸರ್ಟಿಫಿಕೇಟನ್ನು ಯಾರೂ ಕನ್ನಡಕ್ಕೆ ತರದಿದ್ದರೂ ಅದು ಏನೆಂದು ಹಳ್ಳಿಯ ಮುದುಕರಿಗೂ ಗೊತ್ತು. ಆದರೆ ಅಪಘಾತವಾದ ಮೇಲೆ ಗಾಯಾಳುವಿನ ಮನಸ್ಸು ಎಷ್ಟು ಘಾಸಿಗೊಂಡಿದೆ ಎಂಬುದನ್ನು ಮನೋವೈದ್ಯರು ನೋಡಿ, ವಿಚಾರಿಸಿ, ಅಳೆದು ನ್ಯಾಯಮಂಡಳಿಗೆ ಬರೆದುಕೊಡುವ ಕೆಲಸಕ್ಕೆ ನಮ್ಮ ಕಾಗದಪತ್ರಗಳಲ್ಲಿ ಬಳಕೆಯಾಗುತ್ತಿರುವ ‘ಮಾನಸಿಕ ಪರೀಕ್ಷೆ’ ಎಂಬ ಮಾತು ಸರಿಯೇ, ಅಲ್ಲವಾದರೆ ಅದರ ಜಾಗದಲ್ಲಿ ಏನಿರಬೇಕು ಎಂಬುದು ನನ್ನ ಪ್ರಶ್ನೆ.

‘ಪರೀಕ್ಷೆ’ ಎಂಬ ಪದದಲ್ಲಿ ದೋಷವಿಲ್ಲ. ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆ ಎಂದರೆ ಯಾರೂ ಬೆಚ್ಚುವುದಿಲ್ಲ, ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ರಕ್ತ ಅಥವಾ ಕಣ್ಣು. ‘ಮಾನಸಿಕ’ ಎಂಬ ವಿಶೇಷಣ ಸೇರಿದೊಡನೆ ಪರೀಕ್ಷೆಗೆ ನಿಲ್ಲುವವನು ಇಡೀ ಮನುಷ್ಯನಾಗುತ್ತಾನೆ, ಮತ್ತು ಪಾಸು–ಫೇಲಿನ ಭಾವ ಒಳಗೆ ಬಂದುಬಿಡುತ್ತದೆ. ಪತ್ರಿಕೆಗಳಲ್ಲಿ ಈ ಪದ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೊಲೆ ಆರೋಪಿಯ ಸುದ್ದಿಯಲ್ಲಿ ಎಂಬುದೂ ಇದಕ್ಕೆ ಸೇರಿಕೊಂಡಿದೆ. ‘ನಂಗೇನು ತಲೆ ಕೆಟ್ಟಿದ್ಯಾ?’ ಎಂದು ಕಕ್ಷಿದಾರರು ಕೇಳುವುದು ಈ ಕಾರಣಕ್ಕೆ. ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಯ ಹೆಸರೇ ಆಡುಮಾತಿನಲ್ಲಿ ಗೇಲಿಯ ಮಾತಾಗಿರುವ ನಾಡಿನಲ್ಲಿ ಈ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ.

‘ತಪಾಸಣೆ’ ಎಂದರೆ ಮೃದುವಾಗುತ್ತದೆ, ಆರೋಗ್ಯ ತಪಾಸಣಾ ಶಿಬಿರಗಳಿಂದಾಗಿ ಪರಿಚಿತವೂ ಹೌದು ಎಂದು ಕೆಲವರು ಸೂಚಿಸಿದ್ದಾರೆ. ನನ್ನ ಆಕ್ಷೇಪ ಇರುವುದು ಅಲ್ಲಿಯೇ. ತಪಾಸಣೆಯೆಂದರೆ ಜನರು ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ತಿಳಿಯುತ್ತಾರೆ, ವೈದ್ಯರ ಕಿವಿಗೆ ಹಾಕಿದ ಮಾತು ಅಲ್ಲಿಯೇ ಉಳಿಯುತ್ತದೆ ಎಂದು ನಂಬಿ ಮಾತನಾಡುತ್ತಾರೆ. ನ್ಯಾಯಾಲಯಕ್ಕಾಗಿ ನಡೆಯುವ ಈ ಕೆಲಸದ ಉದ್ದೇಶ ಚಿಕಿತ್ಸೆಯಲ್ಲ, ಅಭಿಪ್ರಾಯ. ಅಪಘಾತಕ್ಕೆ ಮುಂಚೆ ನಿದ್ದೆ, ಕುಡಿತ, ಸಂಸಾರ, ದುಡಿಮೆ ಹೇಗಿದ್ದವು, ಈಗ ಹೇಗಿವೆ ಎಂದು ವೈದ್ಯರು ಗಾಯಾಳುವನ್ನೂ ಮನೆಯವರನ್ನೂ ಕೇಳುತ್ತಾರೆ. ಹಳೆಯ ಚೀಟಿಗಳನ್ನು ನೋಡುತ್ತಾರೆ. ತಲೆಗೆ ಪೆಟ್ಟು ಬಿದ್ದಿದ್ದರೆ ನೆನಪು, ಗಮನ, ಯೋಚನೆಯ ವೇಗ ಇವನ್ನು ಅಳೆಯುವ ಪರೀಕ್ಷೆಗಳನ್ನು ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದ ಮಾಡಿಸುತ್ತಾರೆ. ಭಾರತೀಯರಿಗೆ ಹೊಂದುವಂತೆ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವಿಜ್ಞಾನದ ಪರೀಕ್ಷಾಮಾಲೆ ಇಂಥದ್ದು. ಕೊನೆಗೆ ವರದಿ ಉತ್ತರಿಸಬೇಕಾದ ಪ್ರಶ್ನೆಗಳು ಮನೋವೈದ್ಯರವಷ್ಟೇ ಅಲ್ಲ, ವಕೀಲರವೂ ಹೌದು: ಕಾಯಿಲೆ ಇದೆಯೇ, ಅದು ಈ ಅಪಘಾತದಿಂದ ಬಂದದ್ದೇ ಅಥವಾ ಮೊದಲೇ ಇದ್ದದ್ದು ಉಲ್ಬಣಿಸಿತೇ, ದುಡಿಮೆಗೆ ಎಷ್ಟು ಅಡ್ಡಿಯಾಗಿದೆ, ವಾಸಿಯಾಗುವ ಸಂಭವವೆಷ್ಟು, ಹೇಳುತ್ತಿರುವುದೆಲ್ಲ ನಿಜವೇ ಅಥವಾ ಸೋಗೇ. ಇಷ್ಟನ್ನೂ ತೆರೆದ ನ್ಯಾಯಾಲಯದಲ್ಲಿ ವೈದ್ಯರು ಹೇಳಬೇಕಾಗಬಹುದು, ವಿಮಾ ಕಂಪನಿಯ ವಕೀಲರು ಪಾಟೀ ಸವಾಲು ಮಾಡಬಹುದು. ಹೀಗಿರುವಾಗ ‘ತಪಾಸಣೆ’ ಎಂದು ಹೇಳಿ ಕಳಿಸುವುದು ಗಾಯಾಳುವನ್ನು ಕತ್ತಲೆಯಲ್ಲಿಟ್ಟಂತೆ.

ಇನ್ನು ಅಳೆಯುವುದು ಏನನ್ನು ಎಂಬ ಪ್ರಶ್ನೆ. ಕನ್ನಡದ ಅರ್ಜಿಗಳಲ್ಲಿ ‘ಮಾನಸಿಕವಾಗಿ ನೊಂದಿರುತ್ತೇನೆ’, ‘ಮಾನಸಿಕ ಅಸ್ವಸ್ಥನಾಗಿರುತ್ತೇನೆ’, ‘ಮಾನಸಿಕ ಆಘಾತಕ್ಕೊಳಗಾಗಿರುತ್ತೇನೆ’ ಎಂಬ ವಾಕ್ಯಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಕಾನೂನಿನಲ್ಲಿ ಇವು ಒಂದೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 168ನೇ ಕಲಂ ‘ನ್ಯಾಯಯುತ ಪರಿಹಾರ’ ಎಂದಷ್ಟೇ ಹೇಳಿ ಲೆಕ್ಕವನ್ನು ನ್ಯಾಯಮಂಡಳಿಗೆ ಬಿಟ್ಟಿದೆ. ನೋವು, ಯಾತನೆ, ಮಾನಸಿಕ ಮತ್ತು ದೈಹಿಕ ಆಘಾತ, ಬದುಕಿನಲ್ಲಿ ಎದುರಾಗುವ ಹತಾಶೆ, ಒತ್ತಡ ಇವೆಲ್ಲ ಹಣದಲ್ಲಿ ಎಣಿಸಲಾಗದ ನಷ್ಟದ ಬಾಬ್ತಿಗೆ ಸೇರುತ್ತವೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ವಿವರಿಸಿತು. ಈ ಬಾಬ್ತಿಗೆ ಮನೋವೈದ್ಯರ ವರದಿ ಇರಲೇಬೇಕೆಂದಿಲ್ಲ; ಕಾಲು ಮುರಿದವನಿಗೆ ನೋವಾಯಿತು ಎಂಬುದಕ್ಕೆ ತಜ್ಞರ ಸಾಕ್ಷಿ ಬೇಕಾಗುವುದಿಲ್ಲ. ಆದರೆ ಮನಸ್ಸಿಗೆ ಬಿದ್ದ ಪೆಟ್ಟಿನಿಂದಲೇ ದುಡಿಮೆ ತಪ್ಪಿಹೋಗಿದೆ ಎನ್ನುವುದಾದರೆ ಅದು ಬೇರೆ ಬಾಬ್ತು, ಮೊತ್ತವೂ ಬೇರೆ, ಅದಕ್ಕೆ ಬೇಕಾದ ಪುರಾವೆಯೂ ಬೇರೆ.

ವಕೀಲರು ರಾಜ್ ಕುಮಾರ್ ಪ್ರಕರಣವೆಂದು ಕರೆಯುವ 2010ರ ತೀರ್ಪು ಇಲ್ಲಿ ಮುಖ್ಯ. ದೇಹದ ಶಾಶ್ವತ ಊನದ ಶೇಕಡಾವಾರು ಒಂದು, ಗಳಿಕೆಯ ಶಕ್ತಿಯ ನಷ್ಟ ಇನ್ನೊಂದು ಎಂದು ಸುಪ್ರೀಂ ಕೋರ್ಟು ಅದರಲ್ಲಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಡ್ರೈವರನೋ ಬಡಗಿಯೋ ಆಗಿದ್ದರೆ ನಷ್ಟ ಪೂರ್ತಿಯಾಗಬಹುದು, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು ಎಂಬ ಉದಾಹರಣೆ ಆ ತೀರ್ಪಿನದೇ. ಊನ ಎಷ್ಟೆಂದು ವೈದ್ಯರು ಹೇಳಬೇಕು, ಗಳಿಕೆಯ ನಷ್ಟ ಎಷ್ಟೆಂದು ನ್ಯಾಯಮಂಡಳಿ ನಿರ್ಧರಿಸಬೇಕು. ಇದನ್ನು ನಮ್ಮ ಕಡೆಗೆ ತಂದು ನೋಡೋಣ. ಅಡಿಕೆ ಮರ ಹತ್ತಿ ಕೊನೆ (ಅಡಿಕೆಗೊನೆ) ತೆಗೆಯುವ ಕೊನೆಗಾರನೊಬ್ಬ ಬಿ.ಎಚ್. ರಸ್ತೆಯಲ್ಲಿ ಬೈಕಿನಿಂದ ಬಿದ್ದನೆಂದುಕೊಳ್ಳಿ. ಮೂಳೆ ಕೂಡಿಕೊಂಡಿದೆ, ಮೂಳೆ ವೈದ್ಯರು ಕಡಿಮೆ ಶೇಕಡಾವಾರು ಬರೆದಿದ್ದಾರೆ. ಆದರೆ ಮರದ ಅರ್ಧಕ್ಕೆ ಏರುವಷ್ಟರಲ್ಲಿ ಎದೆ ಹೊಡೆದುಕೊಂಡು, ಕೈ ಬೆವರಿ ಅವನು ಇಳಿದುಬಿಡುತ್ತಾನಾದರೆ ಕೊನೆಗಾರನಾಗಿ ಅವನ ದುಡಿಮೆ ನಿಂತಂತೆಯೇ. ಎಕ್ಸ್‌ರೇ ಇದನ್ನು ತೋರಿಸುವುದಿಲ್ಲ. ಅಫಿಡವಿಟ್‌ನಲ್ಲಿ ‘ಮಾನಸಿಕವಾಗಿ ನೊಂದಿರುತ್ತೇನೆ’ ಎಂದು ಬರೆದರೆ ಅದು ನೋವು–ಯಾತನೆಯ ಬಾಬ್ತಿನಲ್ಲಿ ಕರಗಿಹೋಗುತ್ತದೆ. ಪದ ಸಡಿಲವಾದರೆ ಹಣವೂ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಇದನ್ನು ಇಷ್ಟು ಎಳೆದು ಹೇಳಬೇಕಾಯಿತು.

‘ಅಸ್ವಸ್ಥ’ ಎಂಬುದರಲ್ಲಿ ಇನ್ನೊಂದು ತೊಡಕು. 1872ರ ಕರಾರು ಕಾಯ್ದೆಯ ಕನ್ನಡದಲ್ಲಿ ಸ್ವಸ್ಥಚಿತ್ತ, ಅಸ್ವಸ್ಥಚಿತ್ತ ಎಂಬ ಜೋಡಿ ಬಳಕೆಯಲ್ಲಿದೆ; ಕ್ರಯಪತ್ರಗಳಲ್ಲಿ, ಉಯಿಲುಗಳಲ್ಲಿ ‘ಸ್ವಸ್ಥಚಿತ್ತನಾಗಿ’ ಎಂದು ಓದಿದ ಜನ ‘ಮಾನಸಿಕ ಅಸ್ವಸ್ಥ’ ಎಂದು ಸಹಿ ಹಾಕಿದರೆ ತೋಟ, ಗದ್ದೆಯ ಪತ್ರಗಳಿಗೆ ಸಹಿ ಹಾಕುವ ಹಕ್ಕು ಹೋದೀತೆಂದು ಹೆದರುತ್ತಾರೆ. ದಾಯಾದಿಗಳಿರುವ ಮನೆಯಲ್ಲಿ ಈ ಹೆದರಿಕೆಗೆ ಆಧಾರವಿಲ್ಲವೆನ್ನಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ: ಒಬ್ಬರಿಗೆ ಮಾನಸಿಕ ಕಾಯಿಲೆ ಇದೆಯೆಂದು ತೀರ್ಮಾನವಾದ ಮಾತ್ರಕ್ಕೆ ಅವರು ಅಸ್ವಸ್ಥಚಿತ್ತರೆಂದು ಆಗುವುದಿಲ್ಲ, ಹಾಗೆ ಸಾರಬೇಕಾದದ್ದು ಅಧಿಕಾರವುಳ್ಳ ನ್ಯಾಯಾಲಯ. ಆದ್ದರಿಂದ ಪರಿಹಾರದ ಅರ್ಜಿಗಳಲ್ಲಿ ‘ಅಸ್ವಸ್ಥ’ ಎಂಬುದನ್ನು ಸಂಪೂರ್ಣವಾಗಿ ಕೈಬಿಟ್ಟು ‘ಮಾನಸಿಕ ಕಾಯಿಲೆ’ ಎಂದೋ, ವೈದ್ಯರು ಹೆಸರಿಸಿದ ಕಾಯಿಲೆಯ ಹೆಸರನ್ನೋ ಬರೆಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಆಘಾತ’ದ ಕಥೆ ಇಷ್ಟು ಸುಲಭವಲ್ಲ. ತಲೆಗೆ ಬಿದ್ದ ಪೆಟ್ಟಿಗೂ ಆಘಾತ, ಸುದ್ದಿ ಕೇಳಿ ಎದೆಯೊಡೆದುಕೊಂಡದ್ದಕ್ಕೂ ಆಘಾತ, ವಿದ್ಯುತ್ ತಗುಲಿದರೂ ಆಘಾತ. ಹಳೆಯ ಇಂಗ್ಲಿಷ್ ಕಾನೂನಿನ ‘ನರ್ವಸ್ ಶಾಕ್’ ಎಂಬ ಪರಿಭಾಷೆಯನ್ನು ಯಾರೋ ‘ನರಾಘಾತ’ ಎಂದು ಮಾಡಿಟ್ಟಿದ್ದಾರೆ. ಅದನ್ನು ಓದಿದವರು ಲಕ್ವವೆಂದು ತಿಳಿಯುತ್ತಾರೆ. ಅಮೆರಿಕದ ಮನೋವೈದ್ಯ ಸಂಘವು 1980ರ ತನ್ನ ಕೈಪಿಡಿಯಲ್ಲಿ ಸೇರಿಸಿದ ಕಾಯಿಲೆಯನ್ನು ಕನ್ನಡದಲ್ಲಿ ‘ಆಘಾತೋತ್ತರ ಒತ್ತಡದ ಕಾಯಿಲೆ’ ಎನ್ನುತ್ತಾರೆ. ಘಟನೆ ಕಣ್ಣಮುಂದೆ ಮರುಕಳಿಸುವುದು, ಆ ದಾರಿ, ಆ ವಾಹನವನ್ನು ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು ಮುಂತಾದವು ಒಂದು ತಿಂಗಳಿಗೂ ಮೀರಿ ಉಳಿದು ಬದುಕಿಗೆ ಅಡ್ಡಿಯಾದರೆ ಮಾತ್ರ ಈ ಹೆಸರು ಸಲ್ಲುತ್ತದೆ. ಪದ ಉದ್ದವಾದರೂ ವರದಿಗೆ ಅದು ಸಾಕು. ಗಾಯಾಳುವಿನ ಅಫಿಡವಿಟ್‌ಗೆ ಸಾಲದು. ‘ಹಾರನ್ ಕೇಳಿದರೆ ಕುಮಟಿ ಬೀಳುತ್ತೇನೆ’ (ಬೆಚ್ಚಿಬೀಳುತ್ತೇನೆ), ‘ಆಗುಂಬೆ ಘಾಟಿಯಲ್ಲಿ ಬಸ್ಸು ಹತ್ತಲು ದಿಗಿಲಾಗುತ್ತದೆ’, ‘ಮಗ ಮಂಕಾಗಿ ಕೂತಿರುತ್ತಾನೆ’ ಎಂದು ಜನ ಹೇಳುವುದನ್ನು ಗ್ರಾಂಥಿಕಕ್ಕೆ ತಿರುಗಿಸಿದಾಗ ಸಾಕ್ಷ್ಯವೇ ತೆಳುವಾಗುತ್ತದೆ. ಅನಕ್ಷರಸ್ಥನೊಬ್ಬನ ಅಫಿಡವಿಟ್‌ನಲ್ಲಿ ‘ಆಘಾತೋತ್ತರ’ ಎಂಬ ಪದವಿದ್ದರೆ, ಇದನ್ನು ನಿನಗೆ ಹೇಳಿಕೊಟ್ಟವರು ಯಾರು ಎಂಬುದೇ ಪಾಟೀ ಸವಾಲಿನ ಮೊದಲ ಪ್ರಶ್ನೆಯಾಗುತ್ತದೆ, ಆಗಬೇಕಾದದ್ದೂ ಅದೇ.

ಅಂಗವೈಕಲ್ಯದ ಪದದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿದ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದನ್ನು ಅಳೆಯುವ ಭಾರತೀಯ ಮಾಪಕ ನೋಡುವುದು ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳನ್ನು, ಜೊತೆಗೆ ಕಾಯಿಲೆಯ ಅವಧಿಯನ್ನು. ಇದರಲ್ಲಿ ‘ಅಂಗ’ ಎಲ್ಲಿದೆ? ‘ಮಾನಸಿಕ ಅಂಗವೈಕಲ್ಯ’ ಎಂದು ಬರೆಯುವಾಗಲೆಲ್ಲ ನನ್ನ ಲೇಖನಿ ತಡೆಯುತ್ತದೆ. ‘ವೈಕಲ್ಯ’ ಎಂದಷ್ಟೇ ಬಳಸಬಹುದೇ?

ಮೂಲ ಪ್ರಶ್ನೆಗೆ ಬಂದರೆ, ಬರಹಕ್ಕೆ ‘ಮಾನಸಿಕ ಆರೋಗ್ಯ ಮೌಲ್ಯಮಾಪನ’ ಎಂಬುದನ್ನು ನಾನು ಒಪ್ಪುತ್ತೇನೆ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ನೆನಪು ತರುತ್ತದೆ ಎಂಬ ಆಕ್ಷೇಪ ನಿಜವಾದರೂ, ಗೊತ್ತಾದ ಮಾನದಂಡವಿಟ್ಟುಕೊಂಡು ಅಳೆಯುವುದು ಎಂಬ ಅರ್ಥ ಅದರಲ್ಲಿ ಗಟ್ಟಿಯಾಗಿದೆ. ಆದರೆ ಬಾಯಿಮಾತಿನಲ್ಲಿ ಅದು ಯಾರಿಗೂ ತಾಗುವುದಿಲ್ಲ. ಮಾತಿಗೆ ‘ಅಂದಾಜು’ ಹೊಂದಬಹುದೆಂದು ನನಗೆ ತೋರುತ್ತದೆ: ಚೇಣಿ ಹಿಡಿಯುವವರು, ಅಂದರೆ ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವವರು, ತೋಟ ಸುತ್ತಿ, ಕೊನೆ ನೋಡಿ ಫಸಲಿನ ಅಂದಾಜು ಹೇಳುವಾಗ ತೋಟಕ್ಕೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ, ಅದು ಬಾಯಿಗೆ ಬಂದ ಲೆಕ್ಕವೂ ಅಲ್ಲ. ‘ಮನಸ್ಸಿಗೆ ಆದ ಪೆಟ್ಟು ಎಷ್ಟೆಂದು ಡಾಕ್ಟರು ಅಂದಾಜು ಮಾಡಿ ಕೋರ್ಟಿಗೆ ಬರೆದುಕೊಡುತ್ತಾರೆ, ನೀವು ಹೇಳಿದ್ದು ಅದರಲ್ಲಿ ಬರುತ್ತದೆ’ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೂ ತಿಳಿಯುತ್ತದೆ. ಬರಹದಲ್ಲಿ ಈ ಪದ ಬೇಡ. ‘ಬರೀ ಅಂದಾಜು ತಾನೆ’ ಎಂದು ಎದುರುದಾರರ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಬಲ್ಲವರು ತಿಳಿಸಬೇಕಾದದ್ದು ಇಷ್ಟು. ಹಳೆಯ ಮೈಸೂರು ಸಂಸ್ಥಾನದ ನ್ಯಾಯಾಲಯದ ಕನ್ನಡದಲ್ಲಿ ಮನಸ್ಸಿನ ಹಾನಿಯನ್ನು ಹೇಳುವ ಬೇರೆ ಪದವಿತ್ತೇ? ‘ಕುಮಟಿ ಬೀಳು’ ಎಂಬುದು ಸಾಗರ, ಸೊರಬದ ಕಡೆಯೂ ಇದೇ ಅರ್ಥದಲ್ಲಿದೆಯೇ, ಮತ್ತು ಶಿವಮೊಗ್ಗದಿಂದ ಆಚೆ ಭದ್ರಾವತಿಯ ಬಯಲಿನವರಿಗೆ ಅದು ತಿಳಿಯುತ್ತದೆಯೇ? ಕಾಯಿಲೆಯ ನಟನೆಗೆ ನಾನು ‘ಸೋಗು’ ಎಂದು ಬಳಸುತ್ತಿದ್ದೇನೆ; ‘ಕಳ್ಳ ಕಾಯಿಲೆ’ ಎಂದರೆ ತೀರ್ಪು ಕೊಟ್ಟಂತಾಗುತ್ತದೆ. ಬೇಕೆಂದೇ ನಟಿಸುವುದನ್ನೂ, ಇರುವುದನ್ನು ಅರಿವಿಲ್ಲದೆ ಹೆಚ್ಚಿಸಿ ಹೇಳುವುದನ್ನೂ ಬೇರೆ ಬೇರೆಯಾಗಿ ತೋರಿಸುವ ಎರಡು ಪದಗಳು ಯಾರಿಗಾದರೂ ಹೊಳೆದರೆ ಉಪಕಾರವಾಗುತ್ತದೆ.